ಒಂಟಿ ಪದರದ ಮನೆ

ನಮ್ಮೂರಲ್ಲಿ ಗಂಡ ಹೆಂಡತಿ ಜಗಳಕ್ಕೆ ನಿಲ್ಲುವ ಮೊದಲು ಚಪ್ಪಲಿ ಹಾಕಿಕೊಳ್ಳುತ್ತಾರೆ. ಬೇರೆ ಊರಿನಿಂದ ಬಂದ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠವೇ ಅದು. ಮನೆಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಆಡಿದ ಮಾತು ಕಲ್ಲಿಗೆ ಇಳಿಯುತ್ತದೆ. ಅದೇ ಪದರದ ಕಲ್ಲು ಇನ್ನೊಂದು ಮನೆಯಲ್ಲಿ ಹಾಸಿದ್ದರೆ ಅಲ್ಲಿ ನೆಲಕ್ಕೆ ಕಿವಿ ಹಚ್ಚಿದವರಿಗೆ ಕೇಳುತ್ತದೆ. ಚಪ್ಪಲಿ ಮೆಟ್ಟಿದ್ದರೆ ಇಲ್ಲ, ಹೊರಸಿನ ಮೇಲೆ ಕಾಲು ಮಡಚಿ ಕೂತರೆ ಇಲ್ಲ. ಇದರ ಜೊತೆ ಬಾಳುವುದು ನಮಗೆ ರೂಢಿಯಾಗಿದೆ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲವಾದ್ದರಿಂದ ನಮ್ಮವರು ದೇವರ ಮುಂದೆ ಬಾಯಿಬಿಟ್ಟು ಏನನ್ನೂ ಬೇಡುವುದಿಲ್ಲ. ಒಂದೇ ಪದರದ ಮೇಲೆ ಮದುವೆಯಾಗಿ ಹೋದ ಅಕ್ಕತಂಗಿಯರು ಒಲೆಯ ಮುಂದಿನಿಂದಲೇ ಹರಟುತ್ತಾರೆ, ಒಬ್ಬಳ ಬದನೆಕಾಯಿ ಪಲ್ಯಕ್ಕೆ ಇನ್ನೊಬ್ಬಳು ಉಪ್ಪಿನ ಹದ ಹೇಳುತ್ತಾಳೆ. ಆದರೆ ಅಂಥ ಸುಖದವರು ಕಡಿಮೆ. ಉಳಿದವರದು ಸಂಶಯದ ಬದುಕು. ಒಂದೇ ಕೆನ್ನೆ ಕೆಂಪಾಗಿರುವವರು ಎದುರಿಗೆ ಬಂದರೆ ಬಜಾರದಲ್ಲಿ ಕೂಡ ನಾವು ಮಾತು ನಿಲ್ಲಿಸುತ್ತೇವೆ.

ಕಲ್ಲನ್ನು ಮೊದಲಿನಿಂದಲೂ ಬಣ್ಣ ನೋಡಿ ಗುರುತಿಸುವುದು ನಮ್ಮ ಪದ್ಧತಿ. ಒಂದೇ ಬಣ್ಣದಲ್ಲಿ ಮೂರು ನಾಲ್ಕು ಪದರ ಇರಬಹುದು, ಆದರೆ ಒಂದು ಪದರಕ್ಕೆ ಎರಡು ಬಣ್ಣ ಇರಲಾರದು ಎಂಬುದು ಅಜ್ಜಂದಿರ ಕಾಲದ ನಂಬಿಕೆ. ನೀಲಿಯವನು ನೀಲಿಯವನಿಗೆ ಹೆದರಬೇಕು, ಹಳದಿಯವನು ಹಳದಿಯವನಿಗೆ. ಈ ನಂಬಿಕೆಯ ಮೇಲೆಯೇ ನಮ್ಮ ಮನೆ ನಡೆದಿತ್ತು. ನಮ್ಮಪ್ಪ ಮನೆ ಕಟ್ಟಿಸುವಾಗ ಊರ ಹೊರಗೆ ಒಂದು ಸಣ್ಣ ಖಣಿ ತೆರೆದಿತ್ತು. ಪಾರಿವಾಳದ ಕುತ್ತಿಗೆಯಂಥ ನೀಲಿ ಕಲ್ಲು. ನಮ್ಮ ಮನೆಗೆ ಆಗುವಷ್ಟು ಕಲ್ಲು ಎಬ್ಬಿಸುವುದರೊಳಗೆ ಬುಡದಿಂದ ನೀರು ನುಗ್ಗಿ ಖಣಿ ಮುಳುಗಿಹೋಯಿತು. ಊರಲ್ಲಿ ಬೇರೆ ನೀಲಿ ನೆಲಗಳಿದ್ದರೂ ಆ ಪದರ ಇನ್ನೊಬ್ಬರಿಗೆ ಸಿಗಲಿಲ್ಲ. ಹಾಗಾಗಿ ನಮ್ಮದು ಒಂಟಿ ಪದರದ ಮನೆ. ಮದುವೆಯ ಮಾತು, ಪಾಲಿನ ಮಾತು, ವೈದ್ಯರಿಗೂ ಹೇಳಲಾಗದ ಕಾಯಿಲೆಯ ಮಾತು, ಎಲ್ಲ ನಮ್ಮ ಪಡಸಾಲೆಗೆ ಬರುತ್ತಿತ್ತು. ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತಣ್ಣನೆಯ ಕಲ್ಲಿಗೆ ಬರಿಗಾಲು ಊರಿ, ಉಸ್ಸೆಂದು ಕೂರುತ್ತಿದ್ದರು. ನಾನು, ಫಕೀರಪ್ಪ, ದುಡ್ಡು ತೆಗೆದುಕೊಂಡು ಅವರಿಗೆ ಚಹಾ ಕಾಸಿ ಚುರುಮುರಿ ಕಲಸುತ್ತಿದ್ದೆ. ನನ್ನ ಹೆಂಡತಿ ಬಂಗಾರೆವ್ವ ಅದನ್ನು ಒಳಗೆ ಕೊಟ್ಟು ಬರುತ್ತಿದ್ದಳು. ಆಮೇಲೆ ಇಬ್ಬರೂ ಹೊರಗಿನ ಬೇವಿನ ಕಟ್ಟೆಗೆ ಹೋಗಿ ಕೂರುವುದು ರೂಢಿ. ಸುಳ್ಳೇಕೆ ಹೇಳಲಿ, ಜನರ ದನಿ ಎಂದರೆ ನನಗೆ ಆಸೆ. ಅಲ್ಲಿಗೆ ಮಾತು ತಿಳಿಯುತ್ತಿರಲಿಲ್ಲ, ಆದರೆ ದನಿಯ ಏರಿಳಿತದಲ್ಲೇ ಒಳಗೆ ಅಳು ನಡೆದಿದೆಯೋ ಚೌಕಾಶಿ ನಡೆದಿದೆಯೋ ಹೇಳಬಲ್ಲವನಾಗಿದ್ದೆ.

ದುಂಡವ್ವ ಬಂದದ್ದು ಯುಗಾದಿ ಕಳೆದ ಮೇಲೆ. ಬಳೆ ಅಂಗಡಿಯಾಕೆ, ಗಟ್ಟಿ ಹೆಂಗಸು. ತನ್ನ ತಮ್ಮನನ್ನು ಕರೆತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು, ಮಗಳು ಕಸ್ತೂರಿಗೆ ಎಡಗಿವಿ ಕೇಳುವುದಿಲ್ಲ, ಗೊತ್ತಾದ ಸಂಬಂಧದವರಿಗೆ ಇದನ್ನು ಹೇಳಲೋ ಬೇಡವೋ ಎಂದು ಕೇಳಿದಳಂತೆ. ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಅರ್ಧ ಮನೆತನದವರು ಕಿವಿ ಮಂದ ಇರುವ ಸೊಸೆಯೇ ಇರಲಿ ಅನ್ನುತ್ತಾರೆ, ಇನ್ನರ್ಧದವರಿಗೆ ಬೇಡವೇ ಬೇಡ. ಗಂಡಿನವರು ಆ ಇನ್ನರ್ಧದವರು. ತಮ್ಮ, ಹೇಳಿಬಿಡೋಣ ಅಕ್ಕಾ, ಆದರೆ ನಿಶ್ಚಯಕ್ಕೆ ಮುಂಚೆ ಹಗುರಾಗಿ ಹೇಳೋಣ ಅಂದನಂತೆ. ಅವರು ಹೇಳುವ ಮೊದಲೇ ಕಿವಿಯ ಸುದ್ದಿ ಹೇಗೋ ಮುಟ್ಟಿ ಗಂಡಿನವರು ಸಂಬಂಧ ಮುರಿದರು. ಅದರ ಮರುದಿನ ದುಂಡವ್ವನ ಬಾಗಿಲಿಗೆ ಒಬ್ಬ ದಲ್ಲಾಳಿ ಬಂದ. ಕಿವಿಯ ಗೊಡವೆಗೆ ಹೋಗದ ಒಬ್ಬ ಎರಡನೇ ಸಂಬಂಧದ ಗಂಡು ತನ್ನ ಕೈಯಲ್ಲಿದ್ದಾನೆ ಎಂದ. ಆ ದಲ್ಲಾಳಿ ಅಡಿವೆಪ್ಪ. ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣ.

ಇನ್ನು ಊರಿಗೆ ಹೇಳಿಕೊಡಬೇಕೆ. ಅಡಿವೆಪ್ಪನ ಮನೆ ಗುಡ್ಡದ ಆಚೆ ಕೇರಿಯಲ್ಲಿ. ಮುಖ ನೋಡಿ ಮನೆತನದ ಹುಳುಕು ಹೇಳುತ್ತಾನೆ ಎಂದು ಅವನಿಗೆ ಹೆಸರು. ಆ ವಿದ್ಯೆ ಎಲ್ಲಿಂದ ಬಂತು ಎಂಬುದು ಈಗ ಎಲ್ಲರಿಗೂ ಹೊಳೆಯಿತು. ಬಂಗಾರೆವ್ವ ಅಮಾವಾಸ್ಯೆಗೊಮ್ಮೆ ತವರಿಗೆ ಹೋಗುತ್ತಾಳೆ, ಹೋಗುವಾಗ ಬುಟ್ಟಿಯಲ್ಲಿ ರೊಟ್ಟಿ, ಬಾಯಲ್ಲಿ ಊರಿನ ಗುಟ್ಟು. ದುಂಡವ್ವ ನಮ್ಮ ಹೊಸ್ತಿಲಿಗೆ ಬಂದು ನಿಂತಳು. ಚಪ್ಪಲಿ ಬಿಡಲಿಲ್ಲ. "ಚಹಾ ಕೊಡಾಕ ಬಂದಾಗ ಆ ಕಪ್ಪು-ಬಸಿ ಇಡಾಕ ಎಷ್ಟೊತ್ತು ತಗೊಂಡಿ ಅನ್ನೂದು ನನಗ ನೆಪ್ಪೈತಿ, ಬಂಗಾರೆವ್ವಾ" ಅಂದಳು. ನನ್ನ ಹೆಂಡತಿ, "ಬಸಿ ಬಿಸಿ ಇತ್ತು ಯವ್ವಾ" ಅಂದಳು. ಅಷ್ಟೇ. ನನಗೆ ಆ ಉತ್ತರ ಸಾಲದು ಅನ್ನಿಸಿತು. ಇಷ್ಟು ವರ್ಷ ಬಾಳಿದ ಹೆಂಡತಿಯ ಮಾತನ್ನು ಮೊದಲ ಸಲ ನಾಲಿಗೆಯ ಮೇಲಿಟ್ಟು ರುಚಿ ನೋಡಿದ ಹಾಗಾಯಿತು.

ಪಂಚರ ಹಿರಿಯ ರಾಚಪ್ಪ ನಮ್ಮ ಬೇವಿನ ಕಟ್ಟೆಗೆ ಬಂದು ತೀರ್ಮಾನ ಹೇಳಿದ. ಅವನದು ನಶ್ಯದ ದನಿ, ಪ್ರತಿ ಮಾತೂ ಮೂಗಿನಿಂದ ಹೊರಟು ಬಾಯಿಗೆ ಬರುತ್ತದೆ. "ಫಕೀರಾ, ನಿಮ್ಮಪ್ಪನ ಮುಖ ನೋಡಿ ಹೇಳ್ತೀನಿ. ಕಲ್ಲು ಒಂಟಿ ಇದ್ದರ ಮಾತು ಬಾಯಿಂದನ ಹೋಗಿರಬೇಕು. ನಿನ್ನ ಬಾಯಿ ದೊಡ್ಡದು, ಆದ್ರ ಅದು ಖಾಲಿ ಬಾಯಿ ಅಂತ ಊರಿಗೆ ಗೊತ್ತೈತಿ. ಉಳಿದಾಕಿ ಆಕಿ. ಆಕೀನ ತವರಿಗೆ ಕಳಸು. ಕಾಯಂ ಕಳಸು. ಇಲ್ಲಾಂದ್ರ ಈ ಮನಿಗೆ ಯಾರೂ ಕಾಲಿಡಂಗಿಲ್ಲ, ನೀವೂ ಯಾರ ಮನಿಗೂ ಕಾಲಿಡಂಗಿಲ್ಲ." ಹುಣ್ಣಿಮೆಯ ಮರುದಿನ ಬರುತ್ತೇನೆ, ಅಷ್ಟರಲ್ಲಿ ಹೇಳು ಎಂದು ಎದ್ದು ಹೋದ.

ನಮ್ಮಲ್ಲಿ ಆಗ ಊಟಕ್ಕೆ ಬರುತ್ತಿದ್ದವರು ನಫೀಸಾ ಮೇಡಂ. ದೂರದವರು, ಕಲ್ಲಿನ ಓದು ಓದಿದವರು. ಗುಡ್ಡದ ಎರಡೂ ಬದಿಯ ಖಣಿಗಳಲ್ಲಿ ಯಾವ ಪದರ ಯಾವುದಕ್ಕೆ ಸೇರಿದ್ದು ಎಂದು ಕೂಡಿಸಿ ನೋಡಲು ಬಂದಿದ್ದರು. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ ಉಜ್ಜುತ್ತಾರೆ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ ಬೆಳಕು ಹಾಯುವವರೆಗೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರೊಳಗಿನ ಚಿಪ್ಪುಗಳನ್ನು ನೋಡುತ್ತಾರೆ. ಒಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತಂತೆ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವಂತೆ, ಅವುಗಳ ಚಿಪ್ಪು ಬಿದ್ದು ಬಿದ್ದೇ ಈ ಸುಣ್ಣದ ಕಲ್ಲು ಆದದ್ದಂತೆ. ಊರವರಿಗೆ ಅವರ ಮೇಲೂ ಸಂಶಯ. ಇಷ್ಟು ದೂರದಿಂದ ಬಂದವರು ಬರೀ ಚಿಪ್ಪು ನೋಡಿ ಹೋಗುತ್ತಾರೆಯೇ ಎಂದು.

ನಾನು ಅವರನ್ನೇ ಕೇಳಿದೆ. ನಮ್ಮ ಪದರ ಖರೆ ಒಂಟಿಯೋ ಇಲ್ಲವೋ ಹೇಳಿ ಎಂದೆ. ಎಲ್ಲಾದರೂ ಜೋಡಿ ಸಿಕ್ಕರೆ ನನ್ನ ಕಸುಬು ಹೋಗುತ್ತದೆ, ಒಂಟಿ ಪದರದ ಮನೆ ಎಂಬ ಹೆಸರು ಅಳಿಯುತ್ತದೆ, ಗೊತ್ತಿತ್ತು. ಆದರೆ ಹೆಂಡತಿ ಉಳಿಯುತ್ತಾಳೆ. ಮೇಡಂ ಊರಿನ ನೀಲಿ ನೆಲಗಳ ಚೂರು ತರಿಸಿ ಎಂದರು. ಅದೊಂದು ಜಾತ್ರೆಯಾಯಿತು. ಜನ ತಮ್ಮ ನೆಲದ ಚೂರು ಕೊಡಲು ಹಿಂದೇಟು ಹಾಕಿ ಪಕ್ಕದ ಮನೆಯ ಹೊಸ್ತಿಲಿನಿಂದ ಕೆತ್ತಿ ತಂದರು. ಒಬ್ಬರದು ಇನ್ನೊಬ್ಬರ ಹೆಸರಿನಲ್ಲಿ ಬಂತು. ಕೊನೆಗೆ ಮೇಡಂ ತಾವೇ ಸುತ್ತಿಗೆ ಹಿಡಿದು ಮನೆಮನೆಗೆ ಹೋದರು. ಮೊದಲ ದಿನವೇ ಒಂದು ಗಲಾಟೆ. ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟ ರಾಚಪ್ಪ, "ಎಲ್ಲಾ ಗಾಜಿನಾಗೂ ಅದ ಜಿಲೇಬಿ ಐತಲ್ಲ, ಅಂದ್ರ ಊರೆಲ್ಲ ಒಂದ ಪದರ ಆತಲ್ಲ" ಎಂದುಬಿಟ್ಟ. ಸಂಜೆಯೊಳಗೆ ಊರಿಗೆ ಊರೇ ಚಪ್ಪಲಿ ಮೆಟ್ಟಿ ಮಲಗಿತು.

ಮೇಡಂ ನಗುತ್ತ ತಿಳಿಸಿ ಹೇಳಿದರು. "ಆ ಜಿಲೇಬಿ ಥರದ್ದು ಬಹಳ ಕಾಲ ಬದುಕಿದ ಜಾತಿ, ಎಲ್ಲ ಪದರದಲ್ಲೂ ಇರತ್ತೆ. ಎರಡು ಮನೆಯಲ್ಲೂ ನೊಣ ಇದೆ ಅಂತ ಎರಡೂ ಒಂದೇ ಕುಟುಂಬ ಅನ್ನಕ್ಕಾಗಲ್ಲ ಅಲ್ವಾ? ನಾನು ಹುಡುಕೋದು ಬೇರೆ. ನಿಮ್ಮನೆ ಕಲ್ಲಲ್ಲಿ ನೋಡಿ, ಇದು ಸೌತೆಬೀಜದ ಹಾಗಿದೆ, ಈ ಜಾತಿ ಮುಗಿದುಹೋಗ್ತಾ ಇತ್ತು. ಇದು ಪಗಡೆ ಕಾಯಿ ಹಾಗಿದೆ, ಇದು ಆಗಷ್ಟೇ ಹುಟ್ಟಿತ್ತು. ಇವೆರಡೂ ಒಟ್ಟಿಗೆ ಇದ್ದದ್ದು ತುಂಬ ಸ್ವಲ್ಪ ಕಾಲ. ಮುತ್ತಜ್ಜಿ ಮರಿಮಗಳನ್ನ ಎತ್ತಿಕೊಂಡ ಫೋಟೋ ಸಿಕ್ಕರೆ ಅದು ಯಾವಾಗ ತೆಗೆದದ್ದು ಅಂತ ಹೇಳಬಹುದಲ್ಲ, ಹಾಗೆ." ಊರಿನ ನೀಲಿ ನೆಲಗಳನ್ನೆಲ್ಲ ಅವರು ನೋಡಿ ಮುಗಿಸಿದರು. ಸೌತೆಬೀಜ ಇದ್ದಲ್ಲಿ ಪಗಡೆ ಕಾಯಿ ಇಲ್ಲ, ಪಗಡೆ ಕಾಯಿ ಇದ್ದಲ್ಲಿ ಸೌತೆಬೀಜ ಇಲ್ಲ. ನಮ್ಮ ಕಲ್ಲಿಗೆ ಜೋಡಿ ಸಿಗಲಿಲ್ಲ. ಒಂಟಿ ಪದರ ನಿಜಕ್ಕೂ ಒಂಟಿಯಾಯಿತು, ನನ್ನ ಹೆಂಡತಿಯ ಕುತ್ತಿಗೆಗೆ ಹಗ್ಗವೂ ಬಿತ್ತು.

ಆ ದಿನಗಳಲ್ಲಿ ನಾನು ಅವಳನ್ನು ನೋಡುತ್ತಿದ್ದ ರೀತಿ ನನಗೇ ಇಷ್ಟವಿರಲಿಲ್ಲ. ಅವಳು ನೀರಿಗೆ ಹೋದರೆ ಯಾರ ಜೊತೆ ನಿಂತಳು ಎಂದು ನೋಡುವುದು. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎನ್ನುವುದು. ಹಳೆಯದೆಲ್ಲ ನೆನಪಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾವು ಒಂದು ಮಾತು ಜಗಳವಾಡಿದರೆ ಸಾಕು, ಮರುದಿನ ಮಧ್ಯಾಹ್ನ ಆಗಿನ್ನೂ ಬದುಕಿದ್ದ ಅವಳ ಅವ್ವ ಗುಡ್ಡ ಇಳಿದು ಬರುತ್ತಿದ್ದಳು, ಹೋಳಿಗೆ ಕಟ್ಟಿಕೊಂಡು. ಇವಳಿಗೆ ಜ್ವರ ಬಂದರೆ ನಾನು ಹೇಳಿಕಳಿಸುವ ಮೊದಲೇ ಕಷಾಯದ ಗಡಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ತಾಯಿಕರುಳು ಎಂದುಕೊಂಡಿದ್ದೆ. ಈಗ ಅದನ್ನೂ ತಿರುಗಿಸಿ ನೋಡಿದೆ. ಯಾರ ಕೈಯಲ್ಲಿ ಹೇಳಿಕಳಿಸುತ್ತಿದ್ದಳು ಇವಳು?

ಅದನ್ನೇ ಒಂದು ಬೆಳಿಗ್ಗೆ ಕೇಳಿದೆ. ಹೊರಸಿನ ಮೇಲೆ ಕಾಲೆತ್ತಿ ಕೂತು ಕೇಳಿದೆ, ಬುದ್ಧಿ ನೋಡಿ, ಒಂಟಿ ಪದರದ ನಮ್ಮ ಮನೆಯಲ್ಲೇ. "ನಿಮ್ಮವ್ವಗ ನಮ್ಮ ಮನಿ ಸುದ್ದಿ ಯಾರು ಮುಟ್ಟಸ್ತಿದ್ರು?" ಬಂಗಾರೆವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. ಮೊರವನ್ನು ಬದಿಗಿಟ್ಟಳು. ಆಮೇಲೆ ಎದ್ದು ಸೀರೆ ಬದಲಿಸಿ, "ತವರಿಗೆ ಹೋಗಿ ಬರ್ತೀನಿ" ಅಂದಳು. ಪಂಚರು ಬರುವ ಮೊದಲೇ ಹೊರಟುಬಿಟ್ಟಳಲ್ಲ, ತಪ್ಪು ಒಪ್ಪಿಕೊಂಡ ಹಾಗೇ ಆಯಿತಲ್ಲ ಎಂದು ನಾನು ಕುಸಿದು ಕೂತೆ. ಸಂಜೆಗೆ ತಿರುಗಿ ಬಂದಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ನಫೀಸಾ ಮೇಡಂ ಬಾಡಿಗೆಗಿದ್ದ ಅಟ್ಟಕ್ಕೆ ಹೋದಳು, ನಾನು ಹಿಂದೆ ಹೋದೆ. ಅದು ಮರದ ನೆಲ, ಮಾತಿಗೆ ಭಯವಿಲ್ಲ. ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರಿನಷ್ಟು ಕಲ್ಲು ಮೇಜಿನ ಮೇಲಿಟ್ಟಳು. ಹಳದಿ ಕಲ್ಲು. "ನಮ್ಮಣ್ಣನ ಪಡಸಾಲೀದು. ಬೀಸುಕಲ್ಲಿನ ಹಿಂದಿನ ಮೂಲಿಯಿಂದ ಎಬ್ಬಿಸಿದೆ, ಅವ ಹಿತ್ತಲಕ್ಕ ಹೋದಾಗ."

ನಾನು, "ಹಳದಿ ಮತ್ತ ನೀಲಿ ಹೆಂಗ ಕೂಡ್ತಾವ?" ಅಂದೆ. ಅವಳು ಮೇಡಂ ಕಡೆ ತಿರುಗಿ ಹೇಳಿದಳು: "ನಮ್ಮ ತವರಾಗ ಪಡಸಾಲ್ಯಾಗ ಎಲ್ಲಾರೂ ಚಪ್ಪಲಿ ಮೆಟ್ಟತಾರ್ರಿ. ಸಣ್ಣ ಕೂಸಿಗೂ ಹಾಕ್ತಾರ. ನಾ ಸಣ್ಣಾಕಿದ್ದಾಗ ಹಂಗ ಇರಲಿಲ್ಲ. ನನ್ನ ಮದುವ್ಯಾದ ಮ್ಯಾಲೆ ಸುರು ಆತು." ಆ ಮನೆಯಲ್ಲಿ ಚಪ್ಪಲಿ ನಾನೂ ನೋಡಿದ್ದೆ. ಕೇಳಿದರೆ ಕಲ್ಲು ತಂಪು, ಮಂಡಿಗೆ ವಾಯು ಏರುತ್ತದೆ ಅನ್ನುತ್ತಿದ್ದರು. ಬೇರೆ ಹಳದಿ ಮನೆಗಳಿಗೆ ಹೆದರುತ್ತಾರೆ, ಅಳಿಯನ ಮುಂದೆ ದೊಡ್ಡಸ್ತಿಕೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಮಾತು ಅವರಿಗೆ ಕೇಳಬೇಕು, ಅವರದು ನಮಗೆ ಕೇಳಬಾರದು, ಅದಕ್ಕೆ ಆ ಚಪ್ಪಲಿ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮೇಡಂ ಚೂರನ್ನು ಉಜ್ಜಿ ನೋಡಲು ಮರುದಿನವೆಲ್ಲ ಹಿಡಿಯಿತು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಕರೆದರು. ನಾನೂ ಕಣ್ಣಿಟ್ಟು ನೋಡಿದೆ. ಜಿಲೇಬಿ ಇತ್ತು, ಅದು ಎಲ್ಲ ಕಡೆ ಇರುವಂಥದು. ಅದರ ಪಕ್ಕದಲ್ಲಿ ಸೌತೆಬೀಜ. ಗಾಜನ್ನು ಕೂದಲೆಳೆಯಷ್ಟು ಸರಿಸಿದರು. ಪಗಡೆ ಕಾಯಿ. "ಬಣ್ಣ ಬರೋದು ಮಣ್ಣಿಂದ, ತುಕ್ಕಿಂದ. ಗುಡ್ಡದ ಈ ಕಡೆ ಸಮುದ್ರ ಆಳ ಇತ್ತು, ಆ ಕಡೆ ದಡ ಇತ್ತು, ಕಾಲ ಮಾತ್ರ ಒಂದೇ. ಒಂದೇ ಪದರ" ಎಂದರು. ಬಂಗಾರೆವ್ವ ಕೊಳವೆಗೆ ಕಣ್ಣಿಡಲೇ ಇಲ್ಲ. "ಹಂಗಾರ ಅವ್ವ ಕಿವಿ ಹಚ್ಚಿ ಕೂಡ್ತಿದ್ಲು" ಅಂದಳು. ಅದು ಸಿಟ್ಟಿನ ದನಿಯೋ ಬೇರೆ ಏನೋ, ದನಿ ತಿಳಿಯುವ ನನಗೂ ಗೊತ್ತಾಗಲಿಲ್ಲ.

ಪಂಚರು ಬರುವ ಹೊತ್ತಾಗಿತ್ತು. ಮನೆಗೆ ಬಂದವಳೇ ಕಸ ಹೊಡೆದಳು, ಚಾಪೆ ಹಾಸಿದಳು. ಆಮೇಲೆ ಪಡಸಾಲೆಯ ನಡುವೆ ಬರಿಗಾಲಲ್ಲಿ ನಿಂತು, ಯಾರನ್ನೋ ಎದುರಿಗೆ ಇಟ್ಟುಕೊಂಡವಳ ಹಾಗೆ, ಮೆಲ್ಲಗಲ್ಲ ಜೋರಾಗಿಯೂ ಅಲ್ಲ, ಹೇಳಿದಳು: "ಅಣ್ಣಾ, ನಿಮ್ಮ ಕಲ್ಲು ನಮ್ಮ ಕಲ್ಲು ಒಂದ ಅಂತ ಚಿಪ್ಪು ಹೇಳ್ಯಾವ. ಪಂಚರು ಇಲ್ಲಿಗೆ ಬರಾಕತ್ತಾರ, ಇಲ್ಲಿಂದ ನಿನ್ನ ಮನಿಗೆ ಬರ್ತಾರ. ನಿನ್ನ ಮರ್ಯಾದಿ ನೀ ನೋಡ್ಕೊ."  ಅವಳ ರಟ್ಟೆ ಹಿಡಿದು, ಕಾಲು ಕಲ್ಲಿಗೆ ತಾಗದ ಹಾಗೆ, ಚಾಪೆಯ ಮೇಲೆ ಎಳೆದುಕೊಂಡೆ. "ಏನ್ ಮಾಡಿದಿ? ಈಗ ಅವ ಏನಾರ ಮಾಡಿ ಸಾಕ್ಷಿ ಅಳಸ್ತಾನ" ಅಂದೆ. "ಅಣ್ಣ ಅಲ್ಲೇನ್ರಿ" ಅಂದಳು. ಅಷ್ಟರಲ್ಲಿ ಹೊಸ್ತಿಲ ಹೊರಗೆ ರಾಚಪ್ಪನ ಸೀನು ಕೇಳಿತು.

ರಾಚಪ್ಪ, ಇನ್ನಿಬ್ಬರು ಪಂಚರು, ಹಿಂದೆ ದುಂಡವ್ವ. ಯಾರೂ ಚಪ್ಪಲಿ ಬಿಡಲಿಲ್ಲ. ಅಟ್ಟದಿಂದ ಕೊಳವೆ ತಂದಿಟ್ಟ ಮೇಡಂ ಎರಡು ಗಾಜು ತೋರಿಸಿ ಎಲ್ಲ ಹೇಳಿದರು. ರಾಚಪ್ಪ ಕೊಳವೆಗೆ ಕಣ್ಣಿಟ್ಟು ತೆಗೆದು, ಮತ್ತೆ ಇಟ್ಟು, ಕೊನೆಗೆ ಅಂದ: "ಮೇಡಂ ಬಾಯಾರ, ನಿಮ್ಮ ಓದು ದೊಡ್ಡದು. ಆದ್ರ ಹಳದಿ ಕಲ್ಲು ನೀಲಿ ಕಲ್ಲು ಒಂದು ಅಂದ್ರ ನಾಳೆ ಎಮ್ಮಿ ಆಕಳು ಒಂದು ಅಂತೀರಿ. ಬ್ಯಾರೆ ಮಾತು. ಈ ಚೂರು ತಂದಾಕಿ ಯಾರು? ಇದ ಬಂಗಾರೆವ್ವ. ಎಲ್ಲಿಂದ ತಂದ್ಲು, ಯಾರು ನೋಡ್ಯಾರ? ಇವರ ಮನಿ ಉಪ್ಪು ಉಣ್ಣಾಕತ್ತೀರಿ ನೀವು." ಮೇಡಂ ಕೆಂಪಾದರು. ದುಂಡವ್ವ, "ಅಣ್ಣನ ಮ್ಯಾಲೆ ಹಾಕಿ ತಾ ಪಾರಾಗ್ತಾಳ" ಅಂದಳು. ನಾನು ಬಾಯಿ ತೆರೆದೆ, ಖಾಲಿ ಬಾಯಿ, ಚಹಾ ಕಾಸಲೇ ಎಂದೆ.

ಬಂಗಾರೆವ್ವ ಚಾಪೆಯನ್ನು ಮಡಚಿ ಬದಿಗಿಟ್ಟಳು. "ಚಿಪ್ಪು ನಂಬಬ್ಯಾಡ್ರಿ, ನನ್ನ ನಂಬಬ್ಯಾಡ್ರಿ. ಕಿವಿ ಹಚ್ಚಿ ಕೇಳ್ರಿ" ಅಂದಳು. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಬ್ಬರ ಮನೆಯ ನೆಲಕ್ಕೆ ನಾಲ್ಕು ಜನರ ಎದುರು ಕಿವಿ ಹಚ್ಚುವುದು ನಮ್ಮಲ್ಲಿ ಬಟ್ಟೆ ಬಿಚ್ಚಿ ನಿಂತ ಹಾಗೆ. ಕೊನೆಗೆ ದುಂಡವ್ವನೇ ಸೆರಗು ಬಿಗಿದು ಅಡ್ಡಾಗಿ ಕಿವಿ ಹಚ್ಚಿದಳು. ಅವಳ ಮುಖ ನೋಡಿ ರಾಚಪ್ಪ ರುಮಾಲು ತೆಗೆದಿಟ್ಟು ಮಲಗಿದ, ಅವನ ಹಿಂದೆ ಉಳಿದವರು. ನಾನೂ ಅಡ್ಡಾದೆ. ಬಾಲ್ಯದಿಂದ ಓಡಾಡಿದ ನೆಲ, ಅದಕ್ಕೆ ಕಿವಿ ಹಚ್ಚಿದ್ದು ಅಂದೇ ಮೊದಲು. ಒಂಟಿ ಪದರದಲ್ಲಿ ಕೇಳುವುದೇನಿದೆ ಎಂದು ಅಪ್ಪ ಹೇಳುತ್ತಿದ್ದ.

ದೂರದ ಬಾವಿಯೊಳಗಿನಿಂದ ಬಂದ ಹಾಗೆ ಅಡಿವೆಪ್ಪನ ದನಿ ಬಂತು. ಏದುಸಿರು ಬಿಡುತ್ತಿದ್ದ. "ಆ ಮೂಲಿ ಹಿಡಿ. ಎತ್ತು. ಎತ್ತಲೇ." ಹೆಣ್ಣಿನ ದನಿ, ಅವನ ಹೆಂಡತಿಯದು, ಕಲ್ಲು ಎತ್ತಲು ಅವಳೂ ಚಪ್ಪಲಿ ಬಿಟ್ಟಿದ್ದಳೆಂದು ಕಾಣುತ್ತದೆ: "ಚಪ್ಪಲಿ ಮೆಟ್ಟಿಕೊಂಡು ಮಾತಾಡ್ರಿ, ಕೇಳಸ್ತದ." ಅವನು, "ಚಪ್ಪಲಿ ಹಾಕ್ಕೊಂಡ್ರ ಕಾಲು ಜಾರತಾವು, ಹಾರಿಗೆ ಬಲ ಬರಂಗಿಲ್ಲ, ನಿನಗೇನು ಗೊತ್ತು. ಅವರು ಬರೂದ್ರಾಗ ಎಲ್ಲಾ ಕೀಳಬೇಕು."  ಮತ್ತೆ ಅವನೇ: "ಆ ಬಳಿಗಾರತಿ ಮಗಳ ಕಿವೀದು ಒಂದು ಸುದ್ದಿಗೆ ಇಷ್ಟು ರಂಪಾಟ. ಇಷ್ಟು ವರ್ಷ ಎಷ್ಟು ಮನಿ ಕೂಡಿಸೀನಿ, ಒಬ್ಬರಾರ ನೆನಸ್ತಾರೇನು." ಒಂದೊಂದು ಕಲ್ಲು ಎದ್ದಂತೆಲ್ಲ ದನಿ ತೆಳ್ಳಗಾಗುತ್ತ ಬಂತು. ಮಾತು ನಡುನಡುವೆ ತುಂಡಾಯಿತು. ಕೊನೆಗೆ "ತಂಗಿ" ಎಂಬ ಒಂದು ಶಬ್ದ ಕೇಳಿತು, ಅದರ ಹಿಂದುಮುಂದಿನದು ಕೇಳಲಿಲ್ಲ. ಆಮೇಲೆ ಬರೀ ತಣ್ಣನೆಯ ಕಲ್ಲು.

ದುಂಡವ್ವ ಎದ್ದಳು. ಒಂದು ಕೆನ್ನೆ ಕೆಂಪಾಗಿತ್ತು. ಹೊಸ್ತಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದು, ಬಂಗಾರೆವ್ವನ ಎದುರು ಬರಿಗಾಲಲ್ಲಿ ನಿಂತು, "ತಪ್ಪಾತು ಯವ್ವಾ" ಅಂದಳು. ರಾಚಪ್ಪ ರುಮಾಲು ಸುತ್ತಿಕೊಳ್ಳುತ್ತ, ಹೆಂಡತಿಯನ್ನು ತವರಿಗೆ ಕಳಿಸುವ ಮಾತು ಅಲ್ಲಿಗೆ ಮುಗಿಯಿತು ಎಂದ. ಹೋಗುವಾಗ ನನ್ನ ಕಿವಿಯ ಹತ್ತಿರ ಬಾಗಿ, "ನಮ್ಮ ಸೊಸಿ ಹೆರಿಗೆ ಮಾತು ಇಲ್ಲೇ ಆಡಿದ್ವಿ, ಅದನ್ನೂ ಕೇಳಿರಬೇಕಲ್ಲೋ ಆ ನನ್ಮಗ" ಅಂದ. ಬಾಗಿಲು ದಾಟುವಷ್ಟರಲ್ಲಿ ಮೂವರು ಪಂಚರ ಮುಖದಲ್ಲೂ ಅದೇ ಲೆಕ್ಕ ನಡೆದಿತ್ತು, ಯಾವ ಮಾತು, ಯಾವ ವರ್ಷ, ಯಾರ ಮದುವೆ. ಗುಡ್ಡದ ಆಚೆಗೆ ಜನ ಹೋದಾಗ ಅಡಿವೆಪ್ಪನ ಪಡಸಾಲೆ ಬರೀ ಮಣ್ಣಿನ ಕುಣಿ. ಮನೆಗೆ ಬೀಗ. ಕಿತ್ತ ಕಲ್ಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬಂಡಿಯಲ್ಲಿ ಹೇರಿಕೊಂಡು ಹೋಗಿ ಮಾರಿದನೆಂದು ಕೆಲವರು, ನದಿಗೆ ಹಾಕಿದನೆಂದು ಕೆಲವರು. ಈಗ ಊರಲ್ಲಿ ಹೊಸದಾಗಿ ನೆಲ ಹಾಸಿದವರನ್ನೆಲ್ಲ ನಾವು ಸ್ವಲ್ಪ ಓರೆಯಾಗಿ ನೋಡುತ್ತೇವೆ. ಬಣ್ಣ ಯಾವುದೇ ಇರಲಿ.

ಆ ದಿನ ಎಲ್ಲರೂ ಹೋದ ಮೇಲೆ ಬಂಗಾರೆವ್ವ ಹಿತ್ತಲಲ್ಲಿ ಚಹಾದ ಬಸಿ ತೊಳೆಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಕೇಳಬಾರದು ಎಂದುಕೊಂಡೇ ಕೇಳಿದೆ. ಅಣ್ಣನಿಗೆ ಎಚ್ಚರ ಕೊಡಲು ಆ ಮಾತು ಆಡಿದೆಯೋ, ಅವನು ಗಾಬರಿಯಾಗಿ ಬರಿಗಾಲಲ್ಲಿ ಹಾರೆ ಹಿಡಿಯಲಿ, ಪಂಚರ ಕಿವಿಗೆ ಬೀಳಲಿ ಎಂದು ಆಡಿದೆಯೋ ಎಂದೆ. ಅವಳು ಬಸಿಯನ್ನು ಬೋರಲು ಹಾಕಿದಳು. ಇನ್ನೊಂದು ತೊಳೆದು ಅದರ ಪಕ್ಕದಲ್ಲಿ ಹಾಕಿದಳು.

"ಮೊದಲ ನೀವು ಹೇಳ್ರಿ" ಅಂದಳು. "ಊರು ನನ್ನ ಕಳ್ಳಿ ಅಂದಾಗ ನೀವೂ ಹಂಗ ಅನ್ಕೊಂಡಿದ್ರೇನು?"

"ಇಲ್ಲ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಎದ್ದಳು.

"ಹಂಗಾರ ನಾನೂ ಅಣ್ಣಗ ಎಚ್ಚರ ಕೊಡಾಕಂತನ ಹೇಳಿದೆ."